ಬಾಪುಸಾಹೇಬರನ್ನು ಬಿಟ್ಟು

ನಮ್ಮ ಕಾಲೇಜಿನ ಕಂಪ್ಯೂಟರಿಗೆ ನ್ಯಾಯ ನೀತಿ ಅಂತ ಏನೂ ಇರಲಿಲ್ಲ. ೧೯೯೯ನೇ ಇಸವಿ, ಚಿಕ್ಕೋಡಿ. ಇಡೀ ಲ್ಯಾಬಿಗೆ ಒಂದೇ ಲಿನಕ್ಸ್ ಯಂತ್ರ. ನಾವೆಲ್ಲ ನಮ್ಮ ನಮ್ಮ ಟರ್ಮಿನಲ್ ಮುಂದೆ ಕೂತು ಅದರ ಮೆಮೊರಿಯನ್ನೇ ಹಂಚಿಕೊಳ್ಳಬೇಕು. ಮೆಮೊರಿ ಮುಗಿದ ಗಳಿಗೆಯಲ್ಲಿ ಯಾರು ಇನ್ನಷ್ಟು ಕೇಳಿದರೋ ಅವರ ಪ್ರೋಗ್ರಾಮನ್ನು ಯಂತ್ರದ ಕಾರಭಾರಿಯಾದ ಕರ್ನಲ್ ಕೊಂದುಹಾಕುತ್ತಿತ್ತು. ಹೊಟ್ಟೆ ಬಿರಿಯೆ ತಿಂದವನು ಆರಾಮಾಗಿರುತ್ತಿದ್ದ, ತುತ್ತು ಕೇಳಿದವನು ಸಾಯುತ್ತಿದ್ದ.

ಹಾಗೆ ತಿನ್ನುತ್ತಿದ್ದದ್ದು ನಮ್ಮ ವಿಭಾಗದ ಮುಖ್ಯಸ್ಥರಾದ ಬಾಪುಸಾಹೇಬ ಸರ್ ಅವರ ಪಿಎಚ್‌.ಡಿ. ಲೆಕ್ಕ ಮಾಡುವ ಪ್ರೋಗ್ರಾಂ.

ನನ್ನ ಗೆಳತಿ ಸುಗಂಧಾ ಕೊನೆಯ ವರ್ಷದ ಪ್ರಾಜೆಕ್ಟಿಗೆ ಆ ಕರ್ನಲನ್ನೇ ತಿದ್ದಿದಳು: ಮೆಮೊರಿ ತೀರಿದರೆ ಎಲ್ಲರಿಗಿಂತ ಹೆಚ್ಚು ತಿಂದದ್ದನ್ನು ಹುಡುಕಿ ಕೊಲ್ಲಬೇಕು. ಪಾಸಾದರೆ ಪುಣೆಯಲ್ಲಿ ಮುಂದೆ ಓದಿಸುತ್ತೇನೆ, ನಪಾಸಾದರೆ ಜುಗೂಳದ ವರ ಕಾದಿದ್ದಾನೆ ಎಂದಿದ್ದರು ಅವಳಪ್ಪ ಧನಪಾಲ. ಪುಣೆಯ ಹೆಸರು ತೆಗೆದರೆ ಸಾಕು, ಹುಡುಗಿಯ ಮುಖ ಅರಳುತ್ತಿತ್ತು.

ಪರೀಕ್ಷೆಯ ಹಿಂದಿನ ದಿನ ಬೇಕಂತಲೇ ಮೆಮೊರಿ ತುಂಬಿಸಿ ನೋಡಿದೆವು. ಕರ್ನಲ್ ಸರಿಯಾಗಿ ಸರ್ ಲೆಕ್ಕವನ್ನೇ ಹಿಡಿದು ಕೊಂದಿತು. ನನಗಂತೂ ಹೊಟ್ಟೆ ತಣ್ಣಗಾಯಿತು. ಸರ್ ಓಡಿ ಬಂದರು.

“ನನ್ನದನ್ನ ಮುಟ್ಟಬಾರದು ಅಂತ ಅದರಾಗ ಬರಿ.”

“ಹಂಗ ಮಾಡಿದ್ರ ನಿಯಮನ ಕೆಡತೈತ್ರಿ, ಸರ್.”

“ಪ್ರಾಜೆಕ್ಟಿಗೆ ನನ್ನ ಸಹಿ ಬೇಕೋ ಬ್ಯಾಡೋ?”

ಬರೆದಳು. ಬರೆಯದೆ ಏನು ಮಾಡುತ್ತಾಳೆ, ಪಾಪ.

ಮರುದಿನ ಬೆಳಗಾವಿಯಿಂದ ಪರೀಕ್ಷಕರು ಬಂದರು. ಸರ್ ಮತ್ತೆ ಶುರುಮಾಡಿದ್ದ ತಮ್ಮ ಲೆಕ್ಕ ನಿಲ್ಲಿಸಲಿಲ್ಲ. ಮೆಮೊರಿ ತುಂಬಿತು. ಕರ್ನಲ್ ಮೊದಲು ನನ್ನ ಪ್ರೋಗ್ರಾಂ ಕೊಂದಿತು, ಆಮೇಲೆ ಪಕ್ಕದ ಮಾಳಸಿದ್ದನದು, ಆಮೇಲೆ ಸಾಲಿನಲ್ಲಿದ್ದವರೆಲ್ಲರದು. ತೆರವಾದಷ್ಟನ್ನೂ ಸರ್ ಲೆಕ್ಕ ನುಂಗುತ್ತ ಹೋಯಿತು. ಕೊನೆಗೆ ಉಳಿದದ್ದು ಸುಗಂಧಾಳದು. ಅದೂ ಸತ್ತು ಪರದೆ ಕಪ್ಪಾಯಿತು.

“ದೊಡ್ಡದನ್ನ ಬಿಟ್ಟು ಸಣ್ಣವನ್ನೆಲ್ಲ ಯಾಕ ಕೊಂದೈತವಾ ಇದು?” ಪರೀಕ್ಷಕರು ಕೇಳಿದರು.

ಸುಗಂಧಾ ಸರ್ ಕಡೆ ನೋಡಿದಳು.

“ನಾ ಭಾಳ ತಿಳಿಸಿ ಹೇಳಿದ್ನಿರಿ,” ಎಂದರು ಸರ್, “ಹುಡುಗಿ ಕೇಳಲಿಲ್ಲ.”

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತೆ. ಸುಗಂಧಾ ನನ್ನ ಕೈ ಹಿಡಿದು ಜಗ್ಗಿ, “ಸುಮ್ನ ಕೂಡು, ನಾಳೆ ನಿನ್ನ ಪರೀಕ್ಷೆ ಐತಿ,” ಎಂದು ಪಿಸುಗುಟ್ಟಿದಳು. ಆಮೇಲೆ ಪರೀಕ್ಷಕರಿಗೆ, “ನಂದ ತಪ್ಪಾಗೇತ್ರಿ,” ಎಂದಳು.

ನಪಾಸಾದಳು. ಜುಗೂಳದಲ್ಲಿ ಅವಳ ಮದುವೆಯ ಅಕ್ಕಿಕಾಳು ಬಿದ್ದ ದಿನ ಸರ್ ಕೂಡ ಬಂದಿದ್ದರು, ಆಗಲೇ ಡಾಕ್ಟರ್ ಬಾಪುಸಾಹೇಬರಾಗಿ. ಧನಪಾಲ ಕಾಕಾ ಅವರಿಗೆ ಶಾಲು ಹೊದಿಸಿ, ಮಗಳನ್ನು ಕರೆದು, “ಗುರುಗಳ ಕಾಲಿಗೆ ಬೀಳವಾ,” ಎಂದರು.

ಬಿದ್ದಳು.