ಕಂಬದೊಳಗಿನ ಹಲ್ಲು

ಹೆರಿಗೆ ಆಸ್ಪತ್ರೆಯ ಹಿಂಭಾಗದಲ್ಲಿ, ಜನರೇಟರ್ ಕೋಣೆಗೆ ಅಂಟಿಕೊಂಡಿದ್ದ ಒಗೆಯುವ ಕೋಣೆಯಲ್ಲಿ ಬಿಳಿಯಕ್ಕನದೇ ದರ್ಬಾರು. ಮೈಬಣ್ಣ ನೋಡಿ ಇಟ್ಟ ಹೆಸರಲ್ಲ ಅದು. ಬಣ್ಣದ ಮಾತಿಗೆ ಬಂದರೆ ಅವಳು ಬಾಣಲೆಯ ತಳದ ಕಡೆಯವಳು. ರಕ್ತದ ಕಲೆ, ಔಷಧಿ ಕಲೆ, ಕೂಸುಗಳ ಹೇಲು ಉಚ್ಚೆ, ಏನು ಮೆತ್ತಿಕೊಂಡ ಬಟ್ಟೆ ಕೊಟ್ಟರೂ ಕಣ್ಣು ಕುಕ್ಕುವಂತೆ ಬೆಳ್ಳಗೆ ಮಾಡಿ ಮಡಿಸಿ ಕೊಡುತ್ತಾಳೆಂದು ಆಯಾಗಳು ಕರೆದದ್ದೇ ಖಾಯಂ ಆಗಿತ್ತು. ಹಾಗೆ ಕರೆಸಿಕೊಳ್ಳುವುದರಲ್ಲಿ ಅವಳಿಗೆ ಎಲ್ಲಿಲ್ಲದ ಅಭಿಮಾನ. ಮನೆಯಲ್ಲಿ ಹೊಗಳುವವರು ಯಾರೂ ಇರಲಿಲ್ಲ. ಇದ್ದವನು ಗಂಡನೊಬ್ಬ, ಅವನಿಗೆ ಮಿಷನ್ನುಗಳ ಸದ್ದು ಕೇಳಿಸಿದಷ್ಟು ಚೆನ್ನಾಗಿ ಹೆಂಡತಿಯ ಮಾತು ಕೇಳಿಸುತ್ತಿರಲಿಲ್ಲ.

ಗಂಡ ವಾಷಿಂಗ್ ಮಿಷನ್ ಮೆಕ್ಯಾನಿಕ್. ಆಸ್ಪತ್ರೆಯ ಮಿಷನ್ನೂ ಅವನ ಸುಪರ್ದಿಗೇ ಸೇರಿತ್ತು. ಜೊತೆಗೆ ನೀರಿನ ಪಂಪು, ಔಷಧಿ ಇಡುವ ಫ್ರಿಜ್ಜು, ಕತ್ತರಿ ಚಿಮಟ ಕುದಿಸುವ ಪೆಟ್ಟಿಗೆ. ಕೆಲಸಗಾರನೇನೋ ಹೌದು. ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ ಬೆಲ್ಟ್ ಸಡಿಲವಾಗಿದೆ, ಪಂಪಿಗೆ ಅಂಗಿಯ ಗುಂಡಿ ಸಿಕ್ಕಿಕೊಂಡಿದೆ, ನೀರು ಬರುವ ಜಾಲರಿಗೆ ಮಣ್ಣು ಕಟ್ಟಿದೆ ಎಂದು ಹೇಳಿಬಿಡುತ್ತಿದ್ದ. ಆದರೆ ಅವನದೊಂದು ಪದ್ಧತಿ ಇತ್ತು. ಅದನ್ನು ಅವನು ‘ಕೈಬದಲು’ ಎನ್ನುತ್ತಿದ್ದ. ಅಂಗಡಿಯಲ್ಲಿ ಬಿಡಿಭಾಗ ಇಲ್ಲದಿದ್ದರೆ ಒಬ್ಬರ ಮಿಷನ್ನಿನಿಂದ ಕಿತ್ತು ಇನ್ನೊಬ್ಬರದಕ್ಕೆ ಹಾಕುವುದು, ಮಾಲು ಬಂದ ಮೇಲೆ ಮೊದಲಿನವರಿಗೆ ಹೊಸದು ಕೂರಿಸುವುದು. ಕೂಗಾಡುವವರ ಮಿಷನ್ ಬೇಗ ಸರಿಹೋಗುತ್ತಿತ್ತು. ಬಾಯಿಲ್ಲದವರ ಮಿಷನ್ ಅವನ ಅಂಗಡಿಯ ಕಪಾಟಿನ ಹಾಗೆ ಬಳಕೆಯಾಗುತ್ತಿತ್ತು. “ಎಲ್ಲಾ ಒಂದೇ ಕಂಪನಿ ಮಾಲು, ಯಾರ ಹೊಟ್ಟೇಲಿದ್ರೇನು?” ಎನ್ನುವುದು ಅವನ ನ್ಯಾಯ.

ಹೀಗಿರುವಾಗ ವಾರ್ಡಿನ ಕೂಸುಗಳ ಮೈಮೇಲೆ ಕೆಂಪು ಗುಳ್ಳೆ ಏಳತೊಡಗಿದವು. ಮೊದಲು ಒಂದೆರಡಕ್ಕೆ ಕತ್ತಿನ ಮಡಿಕೆಯಲ್ಲಿ, ಆಮೇಲೆ ಸಾಲು ತೊಟ್ಟಿಲಿಗೆಲ್ಲ ತೊಡೆಸಂದಿಯಲ್ಲಿ, ಬೆನ್ನಿನಲ್ಲಿ. ಡಾಕ್ಟರು ಒಗೆದು ಬಂದ ಬಟ್ಟೆಯೊಂದನ್ನು ಬಟ್ಟಲು ನೀರಿನಲ್ಲಿ ಅದ್ದಿ ಹಿಂಡಿದರು. ನೊರೆ ಬಂತು. ಅಲ್ಲಿಗೆ ವಿಚಾರಣೆ ಮುಗಿಯಿತು.

ದೊಡ್ಡ ಸಿಸ್ಟರ್ ಆ ಬಟ್ಟಲನ್ನು ಹಿಡಿದುಕೊಂಡೇ ಒಗೆಯುವ ಕೋಣೆಗೆ ಬಂದಳು.

“ಏನು ಬಿಳಿಯಕ್ಕ, ಸೋಪಿನ ಪುಡಿ ಪುಕ್ಕಟೆ ಬಂದಿದ್ಯಾ? ಬೆಳ್ಳಗೆ ಮಾಡೋ ಹುಚ್ಚಲ್ಲಿ ಸುರೀತಿದ್ದೀಯಾ?”

“ಇಲ್ಲ ಸಿಸ್ಟರ್. ಅಳತೆ ಲೋಟದಲ್ಲೇ ಹಾಕೋದು.”

“ಹಾಗಾದ್ರೆ ಲೋಟ ಬದಲಾಯಿಸು. ಸರಿಹೋಗದಿದ್ರೆ ನಾನು ಲೋಟ ಹಿಡಿಯೋರನ್ನ ಬದಲಾಯಿಸ್ತೀನಿ.”

ಅವಳು ಪುಡಿ ಅರ್ಧಕ್ಕಿಳಿಸಿದಳು. ಗುಳ್ಳೆ ನಿಲ್ಲಲಿಲ್ಲ. ಇನ್ನೂ ಇಳಿಸಿದಳು. ಬಟ್ಟೆಯ ಕಲೆ ಹಾಗೇ ಉಳಿಯಿತು, ಗುಳ್ಳೆಯೂ ಉಳಿಯಿತು. ವಾರ್ಡಿಗೆ ಬಟ್ಟೆ ಕೊಡಲು ಹೋದರೆ ಬಾಣಂತಿಯರು ಅವಳ ಕೈಯನ್ನು ನೋಡುತ್ತಿದ್ದರು, ಆ ಕೈಗೇ ಏನೋ ರೋಗ ಇದ್ದ ಹಾಗೆ. ಒಬ್ಬಳಂತೂ ಮಡಿಸಿ ತಂದ ಬಟ್ಟೆಯನ್ನು ಮುಟ್ಟದೆ, “ನಮ್ಮಮ್ಮ ಮನೆಯಿಂದ ತರ್ತಾರೆ, ಇದು ಬೇಡ” ಎಂದು ಮುಖ ತಿರುಗಿಸಿದಳು. ಬಿಳಿಯಕ್ಕನಿಗೆ ಮುಖಕ್ಕೆ ಉಗಿದಂತಾಯಿತು.

ಮಿಷನ್ ಹೇಗೆ ಜಾಲಿಸುತ್ತದೆ ಎನ್ನುವುದು ಅವಳಿಗೆ ಬಾಯಿಪಾಠ. ಮೆಕ್ಯಾನಿಕ್ಕನ ಜೊತೆ ಸಂಸಾರ ಮಾಡಿ ಅಷ್ಟಾದರೂ ಬಾರದೆ ಇರುತ್ತದೆಯೇ? ಸೋಪಿನ ನೀರು ಹೊರಗೆ ಹೋಗಬೇಕು. ತೊಟ್ಟಿ ಗಿರ್ರನೆ ತಿರುಗಿ ಬಟ್ಟೆಯಲ್ಲಿ ಉಳಿದ ನೊರೆಯನ್ನು ಉಗುಳಬೇಕು. ಹೊಸ ನೀರು ತುಂಬಬೇಕು. ಆಮೇಲೆ ತೊಟ್ಟಿಯ ನಡುವಿನ ಕಂಬದ ಕೆಲಸ. ಕಂಬ ಎರಡು ತುಂಡಿನದು. ಕೆಳಗಿನ ತುಂಡು ಅತ್ತಿಂದಿತ್ತ ಕುಲುಕಾಡುತ್ತದೆ. ತಿರುಪಿನಂಥ ಮೇಲಿನ ತುಂಡು ಒಂದೇ ಕಡೆಗೆ ತಿರುಗುತ್ತಾ ಮೇಲಿರುವ ಬಟ್ಟೆಯನ್ನು ಕೆಳಕ್ಕೆ ಎಳೆದುಕೊಳ್ಳುತ್ತದೆ, ಕೆಳಗಿನದು ಬದಿಯಿಂದ ಮೇಲೇಳುತ್ತದೆ. ಹಾಗಾದಾಗಲೇ ಎಲ್ಲ ಬಟ್ಟೆಗೂ ಹೊಸ ನೀರಿನ ಪಾಲು.

ಈ ಮಿಷನ್ನು ಮುಚ್ಚಳ ತೆಗೆದರೂ ನಿಲ್ಲುತ್ತಿರಲಿಲ್ಲ. ನಿಲ್ಲಿಸುವ ಸ್ವಿಚ್ಚು ಹಾಳಾದಾಗ ಗಂಡ ಎರಡು ವೈರು ಸೇರಿಸಿ ಸುತ್ತಿ ಕೈತೊಳೆದುಕೊಂಡಿದ್ದ. ಅವಳು ತನ್ನ ನೀಲಿ ಕರವಸ್ತ್ರವನ್ನು ಬಿಳಿ ಬಟ್ಟೆಗಳ ಮೇಲೆ ಹಾಸಿ, ಮುಚ್ಚಳ ತೆಗೆದೇ ಬಿಟ್ಟು, ಸ್ಟೂಲು ಎಳೆದುಕೊಂಡು ಕೂತಳು. ಹೊಸ ನೀರು ಬಂತು. ಕಂಬದ ಬುಡ ಕುಲುಕಾಡಿತು. ಮೇಲಿನ ತುಂಡು ಮಾತ್ರ ಸುಮ್ಮನೆ ನಿಂತಿತ್ತು, ಮದುವೆ ಮನೆಯಲ್ಲಿ ಮುನಿಸಿಕೊಂಡು ನಿಂತ ಸೋದರಮಾವನ ಹಾಗೆ. ಕರವಸ್ತ್ರ ಜಾಲಿಸಿ ಮುಗಿಯುವವರೆಗೂ ಹಾಕಿದಲ್ಲೇ ತೇಲುತ್ತಿತ್ತು. ಎತ್ತಿ ಹಿಂಡಿದರೆ ಬೆರಳ ಸಂದಿಯಲ್ಲಿ ನೊರೆ.

ಮೇಲಿನ ತುಂಡಿನೊಳಗೆ ಉಗುರಿನಷ್ಟು ಗಾತ್ರದ ನಾಲ್ಕು ಪ್ಲಾಸ್ಟಿಕ್ ಹಲ್ಲುಗಳಿರುತ್ತವೆ. ಕೆಳಗಿನದರ ಹಿಡಿತ ಮೇಲಿನದಕ್ಕೆ ಸಿಗುವುದು ಅವುಗಳಿಂದ. ಸವೆದಿದ್ದರೆ ಕರಕರ ಸದ್ದು ಬರುತ್ತದೆ. ಇಲ್ಲಿ ಯಾವ ಸದ್ದೂ ಇರಲಿಲ್ಲ. ಹೋದ ತಿಂಗಳು ಗಂಡ ಕರೆಯದೇ ಬಂದು, “ಜಾಲರಿ ತೊಳೀತೀನಿ, ನೀನು ಹೋಗಿ ಟೀ ಕುಡ್ಕೊಂಡ್ ಬಾ” ಎಂದದ್ದು ನೆನಪಾಯಿತು. ಮದುವೆಯಾದಾಗಿನಿಂದ ಅವನು ಅವಳಿಗೆ ಟೀ ಕುಡಿಯಲು ಹೇಳಿದ್ದು ಅದೇ ಮೊದಲು.

ಸಂಜೆ ಊಟಕ್ಕೆ ಕೂತಾಗ ಕೇಳಿದಳು.

“ಮಿಷನ್ ಕಂಬದ ಮೇಲಿನ ತುಂಡು ತಿರುಗ್ತಾ ಇಲ್ಲ ರೀ.”

“ಹಲ್ಲು ಸವೆದಿರತ್ತೆ.” ತಟ್ಟೆಯಿಂದ ತಲೆ ಎತ್ತಲಿಲ್ಲ.

“ಸವೆದಿದ್ಯಾ, ಇಲ್ವೇ ಇಲ್ವಾ?”

ಈಗ ಎತ್ತಿದ. ಸುಳ್ಳು ಹೇಳುವಷ್ಟು ಮರ್ಯಾದೆಯನ್ನೂ ಕೊಡಲಿಲ್ಲ. “ವಕೀಲರ ಮನೇದಕ್ಕೆ ಹಾಕ್ದೆ. ಆಯಮ್ಮ ಫೋನ್ ಮಾಡಿ ಮಾಡಿ ತಲೆ ತಿಂತಿದ್ಲು. ಮಾಲು ಬಂದ್ಮೇಲೆ ಹಾಕೋಣ ಅಂತಿದ್ದೆ, ಮರ್ತೇಹೋಯ್ತು.”

“ಊರ ತುಂಬಾ ಮಿಷನ್ ಇದ್ವಲ್ಲ, ನಂದೇ ಬೇಕಿತ್ತಾ ನಿಮಗೆ?”

“ಬೇರೆಯವರದ್ದು ಕಿತ್ರೆ ಮನೆ ಮುಂದೆ ಬಂದು ಕೂಗಾಡ್ತಾರೆ ಕಣೇ. ನೀನಾದ್ರೆ ಹೇಗೋ ಸುಧಾರಿಸ್ಕೊಂಡ್ ಹೋಗ್ತೀಯ.”

“ಕೂಸುಗಳ ಮೈ ಸುಲೀತಾ ಇದೆ. ನನ್ನ ಕೆಲಸಕ್ಕೇ ಬಂದಿದೆ.”

“ಏನೂ ಆಗಲ್ಲ. ಈ ವಾರ ಮಾಲು ಬರತ್ತೆ, ಸದ್ದಿಲ್ಲದೆ ಕೂರಿಸ್ತೀನಿ. ನೀನು ಅಲ್ಲಿ ಬಾಯಿ ಬಿಟ್ಟು ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ, ಅಷ್ಟೇ. ನಿನಗೇನಾದ್ರೂ ಆದ್ರೆ ನಾನಿಲ್ವಾ?”

ಕೊನೆಯ ಮಾತನ್ನು ಅವಳು ನಂಬಿದಳು. ನಂಬದೆ ಇರುವುದು ಇನ್ನೂ ಕಷ್ಟದ ಕೆಲಸವಾಗಿತ್ತು.

ಮರುದಿನದಿಂದ ಮಿಷನ್ನಿನಿಂದ ತೆಗೆದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಕೈಯಲ್ಲಿ ಮತ್ತೆ ಜಾಲಿಸಿದಳು. ಸೊಂಟ ಮುರಿದು ಬೀಳುವಂತಾಯಿತು. ವಾರ್ಡಿನಿಂದ ಬರುವ ಬಟ್ಟೆಯ ರಾಶಿಗೆ ಅವಳ ಎರಡು ಕೈ ಎಲ್ಲಿಯ ಲೆಕ್ಕ? ಅರ್ಧ ಜಾಲಿಸಿದ್ದಷ್ಟೇ, ಇನ್ನರ್ಧ ಹಾಗೇ ಹೋಯಿತು. ಹಾಗೇ ಹೋದ ಬಟ್ಟೆಯಲ್ಲೊಂದು, ಆಸ್ಪತ್ರೆಗೆ ಬೇಕಾದವರೊಬ್ಬರ ಮೊಮ್ಮಗುವಿಗೆ ಸುತ್ತಲು ಸಿಕ್ಕಿತು. ಬೆಳಗಾಗುವಷ್ಟರಲ್ಲಿ ಮಗುವಿನ ತೊಡೆ ಸುಟ್ಟ ಹಾಗಾಗಿತ್ತು. ಮಗುವಿನ ಅಪ್ಪ ವಾರ್ಡು ಹಾರಿಹೋಗುವಂತೆ ಕೂಗಿದ.

ದೊಡ್ಡ ಸಿಸ್ಟರ್ ಮೆಕ್ಯಾನಿಕ್ಕನನ್ನು ಕರೆಸಿದಳು. ಒಗೆಯುವ ಕೋಣೆಯಲ್ಲಿ ಆಯಾಗಳು, ಆ ಅಪ್ಪ, ಬಾಗಿಲಲ್ಲಿ ಕಾವಲಿನವನು, ಎಲ್ಲರೂ ಸೇರಿದ್ದರು. ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ಮಿಷನ್ನನ್ನು ಅಲ್ಲಿ ಇಲ್ಲಿ ಕುಟ್ಟಿದ, ಪೈಪು ಎಳೆದು ನೋಡಿದ, ಖಾಲಿ ತೊಟ್ಟಿಯನ್ನು ತಿರುಗಿಸಿ ಕಿವಿಕೊಟ್ಟು ಕೇಳಿದ. ಕಂಬವನ್ನು ಮುಟ್ಟಲಿಲ್ಲ.

“ಮಿಷನ್ದೇನೂ ತಪ್ಪಿಲ್ಲ ಸಿಸ್ಟರ್,” ಎಂದ.

“ಮತ್ತೆ?”

“ಬಟ್ಟೆ ಕಿಕ್ಕಿರಿದು ತುಂಬಿದ್ರೆ ಯಾವ ಮಿಷನ್ನೂ ಜಾಲಿಸಲ್ಲ. ಹೆಂಗಸರಿಗೆ ಎಷ್ಟು ಹೇಳಿದ್ರೂ ಅಷ್ಟೇ. ಬೇಗ ಮುಗಿಸ್ಬೇಕು ಅಂತ ತುರುಕಿಬಿಡ್ತಾರೆ.”

“ಹೆಂಡ್ತಿ ಅಂತ ಮುಲಾಜು ನೋಡಲ್ಲ ನೋಡು ಇವನು,” ಎಂದು ಹಿರಿಯ ಆಯಾ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಮೆಚ್ಚುಗೆಯ ಮಾತೇ ಅದು.

ಬಿಳಿಯಕ್ಕ ಗಂಡನ ಮುಖ ನೋಡಿದಳು. ಅವನು ಒಂದು ಕ್ಷಣ ಅವಳನ್ನು ನೋಡಿ ಕಣ್ಣು ಮಿಟುಕಿಸಿದ, ಇಬ್ಬರೂ ಸೇರಿ ಯಾರಿಗೋ ಟೋಪಿ ಹಾಕುತ್ತಿದ್ದೇವೆ ಎನ್ನುವಂತೆ. ಬಾಯಿ ತೆರೆದರೆ ಅವನ ಅನ್ನ ಹೋಗುತ್ತದೆ, ಮುಚ್ಚಿದರೆ ತನ್ನದು. ಕಂಬದ ಟೊಪ್ಪಿ ಎತ್ತಿ, ನಟ್ಟು ಬಿಚ್ಚಿ ಮೇಲಿನ ತುಂಡನ್ನು ಹೊರಗೆಳೆದರೆ ಸಾಕಿತ್ತು, ಖಾಲಿ ವಸಡು ಎಲ್ಲರಿಗೂ ಕಾಣುತ್ತಿತ್ತು. ಅವಳ ಕೈ ಏಳಲಿಲ್ಲ.

“ಹೌದಾ ಬಿಳಿಯಕ್ಕ? ತುರುಕ್ತಿದ್ಯಾ?” ದೊಡ್ಡ ಸಿಸ್ಟರ್ ಕೇಳಿದಳು.

ಅವಳು ನೆಲ ನೋಡಿದಳು. ಅದನ್ನೇ ಒಪ್ಪಿಗೆಯೆಂದು ಎಲ್ಲರೂ ತೆಗೆದುಕೊಂಡರು.

ಅವಳು ಕೆಲಸ ಕಳೆದುಕೊಂಡು ಮನೆ ಸೇರಿದ ಮರುದಿನವೇ ಮಾಲು ಬಂತು. ಮೆಕ್ಯಾನಿಕ್ ಬೆಳಿಗ್ಗೆಯೇ ಹೋಗಿ ಹೊಸ ಹಲ್ಲು ಕೂರಿಸಿ ಬಂದ. ಅದೇ ದಿನ ಹೊಸಬಳೊಬ್ಬಳು ಕೆಲಸಕ್ಕೆ ಸೇರಿದಳು. ಕೆಲವೇ ದಿನಗಳಲ್ಲಿ ಗುಳ್ಳೆ ಮಾಯವಾಯಿತು. ಆ ಸುದ್ದಿಯನ್ನು ಅವನೇ ಮನೆಗೆ ತಂದ, ಚಪ್ಪಲಿ ಬಿಡುತ್ತಲೇ.

“ಒಂದು ಕೂಸಿಗೂ ಇಲ್ವಂತೆ ಈಗ. ನಾನು ಹೇಳ್ಲಿಲ್ವಾ, ಹಲ್ಲು ಹಾಕಿದ್ರೆ ಸರಿಹೋಗತ್ತೆ ಅಂತ?”

“ವಾರ್ಡಲ್ಲಿ ಏನಂತಾರೆ?”

“ಏನಂತಾರೆ? ಹೊಸಬಳು ಚುರುಕು ಅಂತಾರೆ.” ನಕ್ಕ. “ಬಿಡೇ, ನಿಂಗೂ ರೆಸ್ಟ್ ಆಯ್ತು. ಆ ಸೋಪಿನ ನೀರಲ್ಲಿ ಕೈ ಹಾಕಿ ಹಾಕಿ ಏನು ಸಂಪಾದಿಸಿದ್ದೆ?”

ನಿನಗೇನಾದರೂ ಆದರೆ ನಾನಿಲ್ಲವೇ ಎಂದವನ ಮಾತಿಗೆ ಅರ್ಥ ಇಷ್ಟು: ಅವಳು ಮನೆಯಲ್ಲಿರುತ್ತಾಳೆ, ಅವನೂ ಇರುತ್ತಾನೆ.

ಬೆಳಿಗ್ಗೆ ಅವನು ಅಂಗಡಿಗೆ ಹೋದ ಮೇಲೆ ಅವಳು ಆಸ್ಪತ್ರೆಗೆ ನಡೆದಳು. ದೊಡ್ಡ ಸಿಸ್ಟರ್ ತನ್ನ ಕೋಣೆಯಲ್ಲಿ ಒಬ್ಬಳೇ ಇದ್ದಳು. ಬಿಳಿಯಕ್ಕ ನಿಂತೇ ಎಲ್ಲ ಹೇಳಿದಳು: ಕೈಬದಲು, ವಕೀಲರ ಮನೆ, ಕಿತ್ತ ಹಲ್ಲು, ಹೊಸ ಹಲ್ಲು. ಅಳಲಿಲ್ಲ. ಅತ್ತರೆ ಗಂಡ ಹೆಂಡಿರ ಜಗಳ ಎನಿಸಿಕೊಂಡುಬಿಡುತ್ತದೆ ಎನ್ನುವ ಎಚ್ಚರ ಇತ್ತು. ನಂಬುವುದಿಲ್ಲ ಎಂದರೆ ಏನೇನು ಆಣೆ ಹಾಕಬೇಕು ಎನ್ನುವುದನ್ನೂ ದಾರಿಯಲ್ಲೇ ಯೋಚಿಸಿಕೊಂಡಿದ್ದಳು.

ಆಣೆಯ ಅಗತ್ಯ ಬೀಳಲಿಲ್ಲ.

“ನನಗೆ ಅನುಮಾನ ಇತ್ತು,” ಎಂದಳು ದೊಡ್ಡ ಸಿಸ್ಟರ್. “ಹತ್ತು ಸಲ ಕರೆದ್ರೂ ಬರದೇ ಇರೋನು, ನೀನು ಹೋದ ಮರುದಿನ ಕರೆಯದೇ ಬಂದ.”

“ಗೊತ್ತಿದ್ದೂ ಸುಮ್ಮನಿದ್ರಾ?”

“ಕೂತ್ಕೋ. ಅವನನ್ನ ಕಳಿಸಿದ್ರೆ ಪಂಪು ಯಾರು ನೋಡ್ತಾರೆ? ಫ್ರಿಜ್ಜು ನಿಂತ್ರೆ ಔಷಧಿ ಹಾಳಾಗತ್ತೆ. ಅಂಥೋನು ಇನ್ನೊಬ್ಬ ಸಿಗಬೇಕಲ್ಲ. ಬಟ್ಟೆ ಒಗೆಯೋಕೆ,” ಎಂದು ಸ್ವಲ್ಪ ತಡೆದಳು. ಆದರೂ ಹೇಳಿದಳು, “ಜನ ಸಿಗ್ತಾರೆ.”

“ಕೆಲಸ ಬೇಡ ಸಿಸ್ಟರ್. ತಪ್ಪು ನಂದಲ್ಲ ಅಂತ ವಾರ್ಡಲ್ಲಿ ಒಂದು ಮಾತು ಹೇಳಿ. ಅಷ್ಟು ಸಾಕು.”

“ಹೇಗಮ್ಮಾ ಹೇಳ್ಲಿ? ಮಿಷನ್ ಕೆಟ್ಟಿತ್ತು ಅಂದ್ರೆ ಆ ತಾಯಂದಿರು ನಮ್ಮನ್ನ ಕೇಳ್ತಾರೆ, ಇಷ್ಟು ದಿನ ಏನು ಮಾಡ್ತಿದ್ರಿ ಅಂತ. ನಿನ್ನ ಕಳಿಸಿದ್ಮೇಲೆ ನಿಂತುಹೋಯ್ತು ಅಂದ್ರೆ ಯಾರೂ ಏನೂ ಕೇಳಲ್ಲ.” ದೊಡ್ಡ ಸಿಸ್ಟರ್ ದನಿಯಲ್ಲಿ ಕೆಡುಕಿರಲಿಲ್ಲ. ಹಾಲಿನ ಪ್ಯಾಕೆಟ್ ಖಾಲಿಯಾಗಿದೆ ಎನ್ನುವ ಅಂಗಡಿಯವನ ದನಿ ಅದು. “ಅವತ್ತೇ ಎಲ್ಲರ ಮುಂದೆ ಹೇಳಿದ್ರೆ ನನಗೂ ಬೇರೆ ದಾರಿ ಇರ್ತಿರಲಿಲ್ಲ. ನೀನೇ ಸುಮ್ಮನಿದ್ದೆ.”

ಬಿಳಿಯಕ್ಕ ಬಾಗಿಲ ಕಡೆ ತಿರುಗಿದಳು.

ಆಸ್ಪತ್ರೆಯ ಹಿಂಬದಿಯ ದಾರಿಯಿಂದಲೇ ಹೊರಟಳು. ಒಗೆಯುವ ಕೋಣೆಯ ಬಾಗಿಲು ತೆರೆದಿತ್ತು. ಹೊಸಬಳು, ಇನ್ನೂ ಚಿಕ್ಕ ವಯಸ್ಸಿನವಳು, ಸ್ಟೂಲಿನ ಮೇಲೆ ಕೂತು ಬಟ್ಟೆ ಮಡಿಸುತ್ತಿದ್ದಳು. ಎದ್ದು ನಿಂತಳು.

“ಮೊದಲು ಇದ್ದೋರು ನೀವೇ ಅಲ್ವಾ ಅಕ್ಕಾ? ಬೇಜಾರು ಮಾಡ್ಕೋಬೇಡಿ, ನಾನು ಅರ್ಧ ತೊಟ್ಟಿ ಮಾತ್ರ ಹಾಕೋದು. ತುರುಕಿದ್ರೆ ನಿಮಗಾದಂಗೇ ನನಗೂ ಆಗತ್ತೆ ಅಂತ ಮೆಕ್ಯಾನಿಕಣ್ಣ ಹೇಳಿಕೊಟ್ಟಿದ್ದಾರೆ.”

ಬಿಳಿಯಕ್ಕ ಮುಚ್ಚಳ ಎತ್ತಿ ನೋಡಿದಳು. ಬಟ್ಟೆಗಳು ಕಂಬದ ಸುತ್ತ ಒಂದೊಂದಾಗಿ ಕೆಳಗಿಳಿದು ಬದಿಯಿಂದ ಮೇಲೇಳುತ್ತಿದ್ದವು. ನೀರು ತಿಳಿಯಾಗಿತ್ತು.

“ನಿನ್ನ ಗಂಡ ಏನು ಕೆಲಸ ಮಾಡ್ತಾನೆ?”

“ಲಾರಿ ಡ್ರೈವರ್, ಅಕ್ಕಾ. ಯಾಕೆ?”

“ಒಳ್ಳೇದಾಯ್ತು ಬಿಡು,” ಎಂದು ಮುಚ್ಚಳ ಹಾಕಿದಳು.

ಸಂಜೆ ಗಂಡ ಬಂದು ತಟ್ಟೆಯ ಮುಂದೆ ಕೂತ. ಅವಳು ಬಡಿಸಿದಳು. ಅವನು ಮೊದಲ ತುತ್ತು ಬಾಯಿಗಿಡುವವರೆಗೆ ಕಾದು ಹೇಳಿದಳು.

“ಇವತ್ತು ಆಸ್ಪತ್ರೆಗೆ ಹೋಗಿದ್ದೆ. ದೊಡ್ಡ ಸಿಸ್ಟರ್‌ಗೆ ಹಲ್ಲಿನ ವಿಷಯ ಎಲ್ಲಾ ಹೇಳ್ದೆ.”

ಅವನ ದವಡೆ ನಿಂತಿತು. ತುತ್ತು ನುಂಗಲೂ ಇಲ್ಲ, ಉಗಿಯಲೂ ಇಲ್ಲ. ಮುಖದ ಬಣ್ಣ ಇಳಿದದ್ದು ಕಾಣಿಸಿತು.

“ಏನಂದ್ರು?”

ಅವಳು ತನ್ನ ತಟ್ಟೆಗೂ ಬಡಿಸಿಕೊಂಡು ಕೂತಳು.

“ಲೇ, ಕೇಳ್ತಿದ್ದೀನಲ್ಲ, ಏನಂದ್ರು? ಕೆಲಸದಿಂದ ತೆಗೀತಾರಂತಾ?”

ಏನೂ ಆಗುವುದಿಲ್ಲ ಎಂದು ಹೇಳಬಹುದಿತ್ತು. ಹೇಳಿದ್ದರೆ ಅವನು ಆ ತುತ್ತು ನುಂಗಿ, ನೀರು ಕುಡಿದು, ಇನ್ನಷ್ಟು ಹಾಕು ಎನ್ನುತ್ತಿದ್ದ.

“ನಾಳೆ ಹೋಗ್ತೀರಲ್ಲ, ಅವರನ್ನೇ ಕೇಳಿ,” ಎಂದು ಅವಳು ಊಟ ಮಾಡತೊಡಗಿದಳು.