ಕಚ್ಚಿಟ್ಟ ರೊಟ್ಟಿ

ಕೆಂಜೆಗುಲ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಂಚಿನಿಂದ ಏಳುವುದು, ಕಿಟಕಿಯವರೆಗೆ ಹೋಗುವುದು, ಅಲ್ಲಿಂದ ಬಾಗಿಲ ಮೇಲಿನ ಕೆಂಪು ದೀಪ ಹತ್ತಿತೇ ಎಂದು ನೋಡುವುದು, ಮತ್ತೆ ಬಂದು ಕೂರುವುದು. ಆಸ್ಪತ್ರೆಯವರು ಬೂಟಿನ ಮೇಲೆ ಹಾಕಿಸಿದ್ದ ನೀಲಿ ಪ್ಲಾಸ್ಟಿಕ್ ಚೀಲಗಳು ಹೆಜ್ಜೆಗೊಮ್ಮೆ ಪರಪರ ಅನ್ನುತ್ತಿದ್ದವು. ಬೆಂಚಿನ ತುದಿಯಲ್ಲಿ ಅವಳ ಅತ್ತೆ ಬಾತ್ಮಾ ದಪ್ಪ ಕೋಟಿನ ಒಂದು ಗುಂಡಿಯನ್ನೂ ಬಿಚ್ಚದೆ, ಊರ ಬಸ್ಸಿಗೆ ಕಾದವಳ ಹಾಗೆ ನೆಟ್ಟಗೆ ಕೂತಿದ್ದಳು. ನಡುವೆ ಜಿಪಾರ್, ಐದು ತುಂಬಿ ಆರಕ್ಕೆ ಬಿದ್ದ ಹುಡುಗಿ, ಆಸ್ಪತ್ರೆಯ ಉದ್ದ ಅಂಗಿಯಲ್ಲಿ ಕಾಲು ಅಲ್ಲಾಡಿಸುತ್ತಿದ್ದಳು.

"ಅಕ್ಕಾ, ನೀನ್ಯಾಕೆ ಹಂಗೆ ಓಡಾಡ್ತೀಯ? ನಿಂಗೂ ಸೂಜಿ ಚುಚ್ತಾರಾ?"

"ನಂಗ್ಯಾಕೆ ಚುಚ್ತಾರೆ? ಸುಮ್ನೆ ಕೂತ್ಕೋ."

"ನಾನು ಕೂತೇ ಇದೀನಿ. ನೀನೇ ಕೂತಿಲ್ಲ."

ಆ ಮಾತಿಗೆ ಬಾತ್ಮಾಳ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಹುಡುಗಿಯ ನಾಲಿಗೆ ತನ್ನದೇ ಎಂಬ ಹೆಮ್ಮೆ ಅವಳಿಗೆ.

ಅಕ್ಕ ಎಂದು ಕರೆಸಿಕೊಂಡ ಕೆಂಜೆಗುಲ್ ಜಿಪಾರಳನ್ನು ಹೆತ್ತವಳು. ಚೊಚ್ಚಲ ಮಗುವನ್ನು ಅತ್ತೆ ಮಾವನ ಮಡಿಲಿಗೆ ಹಾಕುವುದು ಬೆಟ್ಟಸೀಮೆ ನಾರಿನ್ ಕಡೆಯ ಮನೆಗಳಲ್ಲಿ ಹೊಸದೇನಲ್ಲ. ಹಾಲು ಬಿಡಿಸಿದ ಮೇಲೆ ಬಾತ್ಮಾ ಮಗುವನ್ನು ತನ್ನ ಹಾಸಿಗೆಗೆ ಎಳೆದುಕೊಂಡಳು. ಅಲ್ಲಿಂದಾಚೆಗೆ ಅವಳೇ ಅಮ್ಮ. ಗಂಡ ಸುಯುನ್ ಲಾರಿ ಓಡಿಸಲು ರಷ್ಯಾಕ್ಕೆ ಹೋದ, ಕೆಂಜೆಗುಲ್ ರಾಜಧಾನಿ ಬಿಷ್ಕೆಕ್‌ನ ಹೊಲಿಗೆ ಕಾರ್ಖಾನೆಗೆ ಬಂದಳು. ವರ್ಷಕ್ಕೆ ಎರಡು ಸಲ ಬೊಂಬೆ, ಬಣ್ಣದ ಜಾಕೆಟ್ ಹೊತ್ತುಕೊಂಡು ಊರಿಗೆ ಹೋಗುವ ಅಕ್ಕ ಅವಳು. ಅದರಲ್ಲಿ ಯಾರಿಗೂ ಅನ್ಯಾಯ ಕಂಡಿರಲಿಲ್ಲ. ಕೆಂಜೆಗುಲ್‌ಗೆ ಅಕ್ಕ ಎಂದು ಕರೆಸಿಕೊಳ್ಳುವಾಗ ನೋಯುತ್ತಿದ್ದುದು ನಿಜ. ಆದರೆ ಅದನ್ನು ಆಡಿ ತೋರಿಸುವ ಸೊಸೆ ಆ ಸೀಮೆಯಲ್ಲಿ ಹುಟ್ಟಿಲ್ಲ.

ಬೇಸಿಗೆಯಲ್ಲಿ ಊರಿಗೆ ಬಂದ ವೈದ್ಯರು ಜಿಪಾರಳ ಎದೆಗೆ ಕೊಳವೆ ಇಟ್ಟು ಕೇಳಿದರು, ಮತ್ತೊಮ್ಮೆ ಇಟ್ಟು ಕೇಳಿದರು. ಹೃದಯದ ಒಳಗೋಡೆಯಲ್ಲಿ ತೂತು ಎಂದರು. ಓಡಿದರೆ ತುಟಿ ನೀಲಿಯಾಗುತ್ತಿದ್ದುದಕ್ಕೆ ಕಾರಣ ಆಗ ತಿಳಿಯಿತು. ಅಲ್ಲಿಯವರೆಗೆ ಬಾತ್ಮಾ ಅದನ್ನು ನೆರೆಮನೆಯವಳ ಕೆಟ್ಟ ಕಣ್ಣಿನ ಲೆಕ್ಕಕ್ಕೆ ಬರೆದಿದ್ದಳು.

ಗುರುವಾರ ಆಪರೇಷನ್. ಹೊರದೇಶದಿಂದ ಬಂದ ಶಸ್ತ್ರವೈದ್ಯರ ತಂಡ ವಾರದ ಕೊನೆಗೆ ಹೊರಟುಬಿಡುತ್ತದೆ, ಮತ್ತೆ ಬರುವುದು ಮುಂದಿನ ವರ್ಷ. ಅಲ್ಲಿಯವರೆಗೆ ಕಾಯುವುದು ಬೇಡ ಎಂದು ಇಲ್ಲಿನ ಡಾಕ್ಟರು ಹೇಳಿದ ರೀತಿಯಲ್ಲೇ ಕೆಂಜೆಗುಲ್‌ಗೆ ಎಲ್ಲ ಅರ್ಥವಾಗಿತ್ತು. ಎಲ್ಲ ಪರೀಕ್ಷೆಗಳನ್ನೂ ಮುಗಿಸಿದ ಮಕ್ಕಳನ್ನು ಮಾತ್ರ ಆ ತಂಡ ಮುಟ್ಟುತ್ತದೆ. ಹಾಗಾಗಿ ಮೂವರೂ ಹಿಂದಿನ ವಾರವಿಡೀ ಈ ಬಿಷ್ಕೆಕ್ ಆಸ್ಪತ್ರೆಯಲ್ಲಿ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಅಲೆದರು. ರಕ್ತ ತೆಗೆಯುವಾಗ ಜಿಪಾರ್ ನರ್ಸಮ್ಮನಿಗೆ, ನಿನ್ನ ರಕ್ತ ನೀನೇ ತೆಗೆದುಕೋ ಎಂದಳು. ಎಕ್ಸ್‌ರೇ ಕೋಣೆಯಲ್ಲಿ, ಕೆಟ್ಟ ಕಣ್ಣು ತಗಲದಂತೆ ಹುಡುಗಿಯ ಕೈಗೆ ಕಟ್ಟಿದ್ದ ಕಪ್ಪು ಬಿಳಿ ಮಣಿಗಳ ಬಳೆಯನ್ನು ಬಿಚ್ಚಿ ಎಂದದ್ದಕ್ಕೆ ಬಾತ್ಮಾ ಜಗಳವಾಡಿದಳು. ಕಿವಿ, ಗಂಟಲು, ಹಲ್ಲು, ಎಲ್ಲ ಮುಗಿದವು. ಉಳಿದದ್ದು ಒಂದೇ: ಮಗುವನ್ನು ಮಲಗಿಸಿ, ತೊಡೆಯ ರಕ್ತನಾಳದಿಂದ ತೆಳ್ಳನೆಯ ನಳಿಕೆ ತೂರಿಸಿ ಹೃದಯವನ್ನು ಒಳಗಿನಿಂದ ನೋಡುವ ಪರೀಕ್ಷೆ.

ಅದಕ್ಕೆ ಅರಿವಳಿಕೆ ಕೊಡುವವರು ರಾಯ್ಸಾ ಒಸ್ಮೊನೊವ್ನಾ. ನರೆಗೂದಲನ್ನು ಟೋಪಿಯೊಳಗೆ ಒತ್ತಿ ಸೇರಿಸಿಕೊಂಡ, ನಗಲು ಬಿಡುವಿಲ್ಲದ ಹೆಂಗಸು. ಹಿಂದಿನ ಸಂಜೆ ಬಂದು ಜಿಪಾರಳ ಬಾಯಿ ತೆರೆಸಿ, ಕೆಳಗಿನ ಮುಂದಿನ ಹಲ್ಲನ್ನು ಬೆರಳಿನಿಂದ ಅಲ್ಲಾಡಿಸಿದ್ದರು.

"ಇದು ಬೀಳೋ ಹಂಗಿದೆ. ಮಲಗಿಸಿದ ಮೇಲೆ ನಾನೇ ತೆಗೆದು ಕೊಡ್ತೀನಿ, ಉಸಿರಿನ ದಾರಿಗೆ ಬಿದ್ರೆ ಕಷ್ಟ. ಇನ್ನು ಕೇಳಿಸ್ಕೊಳ್ಳಿ, ಮಧ್ಯರಾತ್ರಿ ಆದ್ಮೇಲೆ ಬಾಯಿಗೆ ಏನೂ ಹಾಕ್ಬಾರ್ದು. ಒಂದು ಅಗುಳೂ ಇಲ್ಲ. ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳೀತು ಅಂದ್ರೆ, ಹೃದಯ ತೋರಿಸೋಕೆ ಬಂದೋರು ಮಗೂನೇ ಕಳ್ಕೊಂಡು ಹೋಗ್ತೀರ. ಗೊತ್ತಾಯ್ತಾ?"

"ಗೊತ್ತಾಯ್ತು ಡಾಕ್ಟ್ರೇ," ಎಂದು ಬಾತ್ಮಾ ಎಲ್ಲರಿಗಿಂತ ಮೊದಲು ತಲೆಯಾಡಿಸಿದ್ದಳು.

ಈಗ ಪಟ್ಟಿಯಲ್ಲಿ ಮೊದಲನೆಯವಳೇ ಜಿಪಾರ್. ಒಳಗೆ ಯಂತ್ರ ಸಿದ್ಧಮಾಡುವ ಸದ್ದು ಕೇಳುತ್ತಿತ್ತು. ಕೆಂಜೆಗುಲ್ ನಾಲ್ಕನೆಯ ಸಲವೋ ಐದನೆಯ ಸಲವೋ ಕಿಟಕಿಯಿಂದ ಬಂದಾಗ ಹುಡುಗಿ ದೊಡ್ಡದಾಗಿ ಆಕಳಿಸಿದಳು. ಕೆಳಗಿನ ಸಾಲಿನಲ್ಲಿ ಕಿಂಡಿ ಕಂಡಿತು.

"ಎಲ್ಲೇ ನಿನ್ನ ಹಲ್ಲು?"

ಜಿಪಾರ್ ಬಾಯಿ ಮುಚ್ಚಿಕೊಂಡು ಬಾತ್ಮಾಳ ಮುಖ ನೋಡಿದಳು.

"ಬಿದ್ದೋಗಿರುತ್ತೆ ಬಿಡು," ಎಂದಳು ಬಾತ್ಮಾ. "ಹಾಲು ಹಲ್ಲು ಬೀಳದೆ ಕಲ್ಲಾಗಿ ಕೂರುತ್ತಾ?"

"ಎಲ್ಲಿ ಬಿತ್ತು ಅತ್ತೆ? ನುಂಗಿದ್ಲಾ? ಎಲ್ಲೋಯ್ತು ಅಂತ ಡಾಕ್ಟ್ರು ಕೇಳ್ತಾರೆ."

"ನುಂಗಿಲ್ಲ," ಎಂದಳು ಜಿಪಾರ್, ಬೆರಳ ಸಂದಿಯಿಂದ. "ಹಲ್ಲನ್ನ ನಾಯಿಗೆ ಹಾಕ್ಬೇಕಲ್ಲ ಅಕ್ಕಾ, ಇಲ್ಲಿ ನಾಯೀನೇ ಇಲ್ಲ. ಅದಕ್ಕೇ ಊರಿಗೆ ಹೋಗೋವರ್ಗೂ ರೊಟ್ಟೀಲೇ ಇರಲಿ ಅಂದ್ಳು ಅಮ್ಮ. ನಿಂಗೆ ಹೇಳ್ಬಾರ್ದಂತೆ."

ಯಾವ ರೊಟ್ಟಿ ಎಂದು ಕೆಂಜೆಗುಲ್ ಕೇಳಬೇಕಾಗಿಯೇ ಇರಲಿಲ್ಲ. ದೂರ ಹೊರಟವರು ಬಾಗಿಲು ದಾಟುವ ಮುಂಚೆ ಹೊಸ ರೊಟ್ಟಿಯೊಂದನ್ನು ಒಂದು ಬಾಯಿ ಕಚ್ಚಿ ತಿಂದು ಹೋಗಬೇಕು. ಉಳಿದದ್ದನ್ನು ತಾಯಿಯಾದವಳು ಬಟ್ಟೆಯಲ್ಲಿ ಕಟ್ಟಿ ಕಾಯಬೇಕು. ಹೋದವರು ಬಂದು ಅದನ್ನು ತಿಂದು ಮುಗಿಸಬೇಕು. ಮುಗಿಸಲಿಕ್ಕಾದರೂ ಬಂದೇ ಬರುತ್ತಾರೆ. ಸುಯುನ್ ಕಚ್ಚಿದ ರೊಟ್ಟಿ ಊರಿನ ಒಲೆಯ ಪಕ್ಕದ ಮೊಳೆಯಲ್ಲಿ ಒಣಗಿ ಮರದ ತುಂಡಾಗಿ ನೇತಾಡುತ್ತಿತ್ತು. ಅವನ ಅಪ್ಪನಿಗೆ ಮಾತ್ರ ಕಚ್ಚಿಸಿರಲಿಲ್ಲ. ಎದೆನೋವೆಂದು ಆಂಬುಲೆನ್ಸ್ ಬಂದ ಗಡಿಬಿಡಿಯಲ್ಲಿ ಯಾರಿಗೂ ನೆನಪಾಗಲಿಲ್ಲ. ಮುದುಕ ಕಂಬಳಿಯಲ್ಲಿ ಸುತ್ತಿಸಿಕೊಂಡು ವಾಪಸು ಬಂದ. ಬಾತ್ಮಾ ಅದನ್ನು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ, ಒಂದು ದಿನವೂ ಮರೆತವಳಲ್ಲ.

ಕೆಂಜೆಗುಲ್ ಅತ್ತೆಯ ಪಕ್ಕ ಕೂತು ದನಿ ತಗ್ಗಿಸಿದಳು.

"ಯಾವಾಗ ಕಚ್ಚಿಸಿದ್ರಿ?"

"ಬೆಳಕು ಹರಿಯೋ ಹೊತ್ತಿಗೆ. ನೀನು ಮುಖ ತೊಳೆಯೋಕೆ ಹೋಗಿದ್ದೆ."

"ಊರು ಬಿಡುವಾಗ್ಲೇ ಕಚ್ಚಿಸ್ಬೋದಿತ್ತಲ್ಲ ಅತ್ತೆ?"

"ಕಚ್ಚಿಸ್ದೆ ಕಣೆ. ಬಸ್ಸಲ್ಲಿ ಹಸಿವು ಅಂತ ಅಷ್ಟೂ ರೊಟ್ಟೀನ ಇವಳೇ ತಿಂದ್ಬಿಟ್ಲು. ಆಮೇಲೆ ನಂಗೆ ಒಂದು ರಾತ್ರೀನೂ ನಿದ್ದೆ ಇಲ್ಲ."

ಬೇರೆ ದಿನವಾಗಿದ್ದರೆ ಕೆಂಜೆಗುಲ್ ನಕ್ಕುಬಿಡುತ್ತಿದ್ದಳು.

"ಉಗುಳಿದ್ಲಾ, ನುಂಗಿದ್ಲಾ?"

"ಉಗುಳಿದ್ರೆ ಅದು ಲೆಕ್ಕಕ್ಕೆ ಬರುತ್ತಾ?" ಎಂದಳು ಬಾತ್ಮಾ. ಅವಳ ಗಟ್ಟಿ ಕೈ ಸೊಸೆಯ ಮಣಿಕಟ್ಟನ್ನು ಹಿಡಿಯಿತು. "ಒಂದು ತುತ್ತು. ಹೆಬ್ಬೆರಳಷ್ಟು. ಅಷ್ಟಕ್ಕೆಲ್ಲ ಏನಾಗುತ್ತೆ? ಇವತ್ತು ತಪ್ಪಿದ್ರೆ ಗುರುವಾರವೂ ತಪ್ಪುತ್ತೆ. ಬಾಯಿ ಬಿಟ್ಟೀಯ, ಜೋಕೆ."

ಕೆಂಜೆಗುಲ್ ಎದ್ದಳು, ಕೂತಳು, ಮತ್ತೆ ಎದ್ದಳು. ಹೆಬ್ಬೆರಳಷ್ಟು. ಅಷ್ಟರಲ್ಲಿ ಏನೂ ಆಗದೆ ಇರಬಹುದು. ನೂರರಲ್ಲಿ ತೊಂಬತ್ತು ಮಕ್ಕಳಿಗೆ ಏನೂ ಆಗುವುದಿಲ್ಲವೇನೋ. ಹೇಳಿದರೆ ಮಾತ್ರ ಇವತ್ತಿನ ಸರದಿ ಹೋಗುವುದು ಖಂಡಿತ, ಗುರುವಾರ ಹೋಗುವುದು ಖಂಡಿತ, ಮುಂದಿನ ವರ್ಷದವರೆಗೆ ಈ ಹುಡುಗಿ ಮೆಟ್ಟಿಲು ಹತ್ತಿದಾಗಲೆಲ್ಲ ತುಟಿಯ ಬಣ್ಣ ನೋಡುತ್ತ ಕೂರುವುದು ಖಂಡಿತ. ಹೇಳದಿದ್ದರೆ? ಅವಳಿಗೆ ಅತ್ತೆಯ ಮೇಲೆ ಕೆಂಡದಂಥ ಸಿಟ್ಟು ಬಂತು. ಮಗು ತನ್ನದೇ ಆಗಿದ್ದರೂ ತೀರ್ಮಾನ ಮಾಡುವ ಅಭ್ಯಾಸವೇ ತನಗಿಲ್ಲವಲ್ಲ ಎಂದು ತನ್ನ ಮೇಲೂ ಬಂತು. ಜಾಕೆಟ್ಟಿನ ಬಣ್ಣ ಬಿಟ್ಟರೆ ಈ ಹುಡುಗಿಯ ವಿಷಯದಲ್ಲಿ ಅವಳು ಏನನ್ನೂ ತೀರ್ಮಾನಿಸಿದವಳಲ್ಲ.

ಬಾಗಿಲು ತೆರೆಯಿತು. ರಾಯ್ಸಾ ಒಸ್ಮೊನೊವ್ನಾ ಮುಖಗವಸು ಕೆಳಗೆ ಸರಿಸಿ ನಿಂತಿದ್ದರು, ಹಿಂದೆ ಮಗುವನ್ನು ಮಲಗಿಸಿ ಒಯ್ಯುವ ತಳ್ಳುಗಾಡಿ.

"ಜಿಪಾರ್. ಬಾ ಮರಿ. ಮಗು ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ? ತಾಯಿ ಯಾರು, ಬಂದು ಹೇಳಿ."

ಬಾತ್ಮಾ ಎದ್ದು ನಿಂತಳು. ನಾಲ್ಕು ವರ್ಷದಿಂದ ಆ ಪ್ರಶ್ನೆಗೆ ಎದ್ದು ನಿಂತವಳು ಅವಳೇ. ಕಾಲು ತಾನಾಗಿ ಎದ್ದಿತು.

"ಏನೂ ತಿಂದಿಲ್ಲ ಡಾಕ್ಟ್ರೇ," ಎಂದಳು.

ಜಿಪಾರ್ ತಳ್ಳುಗಾಡಿ ಹತ್ತಲು ಒಂದು ಕಾಲು ಎತ್ತಿದ್ದಳು. ಕೆಂಜೆಗುಲ್ ಅವಳ ಅಂಗಿಯ ಹಿಂಭಾಗವನ್ನು ಹಿಡಿದೆಳೆದಳು. ಎಷ್ಟು ಜೋರಾಗಿ ಎಳೆದಳೆಂದರೆ ಹುಡುಗಿ ಅವಳ ಹೊಟ್ಟೆಗೆ ಬಂದು ಬಡಿದಳು.

"ನಾನು ಹೆತ್ತೋಳು," ಎಂದಳು ಕೆಂಜೆಗುಲ್. ದನಿ ತನ್ನದಲ್ಲವೇನೋ ಅನ್ನಿಸಿತು. "ರೊಟ್ಟಿ ತಿಂದಿದ್ದಾಳೆ. ಬೆಳಕು ಹರಿಯುವಾಗ, ಒಂದು ತುತ್ತು. ಹಲ್ಲೂ ಅದರಲ್ಲೇ ಬಿದ್ದಿದೆ."

ಕಾರಿಡಾರಿನಲ್ಲಿ ಕಾಯುತ್ತಿದ್ದವರೆಲ್ಲ ಇತ್ತ ತಿರುಗಿದರು. ಬಾತ್ಮಾ ಸೊಸೆಯ ಕಡೆ ನೋಡಲಿಲ್ಲ. ಕೋಟಿನ ಗುಂಡಿಗಳನ್ನು ಬಿಚ್ಚಿ, ಎದೆಗೆ ಒತ್ತಿಕೊಂಡಿದ್ದ ಬಿಳಿ ಬಟ್ಟೆಯ ಗಂಟು ಹೊರತೆಗೆದಳು. ದುಂಡನೆಯ ರೊಟ್ಟಿಯ ಅಂಚಿನಲ್ಲಿ ಪುಟ್ಟ ಬಾಯಿಯ ಗುರುತು, ಗುರುತಿನ ನಡುವೆ ಅಕ್ಕಿಕಾಳಿನಂಥ ಹಲ್ಲು.

ರಾಯ್ಸಾ ಒಸ್ಮೊನೊವ್ನಾ ರೊಟ್ಟಿಯನ್ನು ನೋಡಿದರು. ಅವರೂ ಆ ಮಣ್ಣಿನವರೇ. ಅದೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ನನ್ನ ತಮ್ಮ ಸೈನ್ಯಕ್ಕೆ ಹೋಗುವಾಗ ನಮ್ಮಮ್ಮನೂ ಕಚ್ಚಿಸಿದ್ಲು," ಎಂದರು. ಆಮೇಲೆ ದನಿ ಏರಿತು. "ಆದ್ರೆ ಅವನನ್ನ ಯಾರೂ ಮೇಜಿನ ಮೇಲೆ ಮಲಗಿಸಿ ಎಚ್ಚರ ತಪ್ಪಿಸ್ಲಿಲ್ಲ, ಅಜ್ಜೀ. ನಿನ್ನೆ ನಾನು ಗೋಡೆಗೆ ಹೇಳಿದ್ನಾ? ತಲೆ ಆಡಿಸಿದ್ದು ಯಾರು? ಈ ಹೆತ್ತೋಳು ಹೇಳ್ದೇ ಇದ್ದಿದ್ರೆ ಇವತ್ತು ನಿಮ್ಮ ಮುಖ ನಾನು ಹೆಂಗೆ ನೋಡ್ಬೇಕಿತ್ತು?"

ಬಾತ್ಮಾ ರೊಟ್ಟಿಯನ್ನು ಮತ್ತೆ ಬಟ್ಟೆಯಲ್ಲಿ ಗಂಟು ಕಟ್ಟಿದಳು.

"ಇನ್ನೊಂದು ಮಗೂನ ಕಳಿಸಿ," ಎಂದು ರಾಯ್ಸಾ ಒಳಗೆ ಕೂಗಿದರು. ಕೆಂಜೆಗುಲ್‌ಗೆ ಹೇಳಿದರು, "ಆರು ಗಂಟೆ ಹೊತ್ತು ಕಳೀಬೇಕು. ಎಲ್ಲಾರೂ ಆದ್ಮೇಲೆ ಯಂತ್ರ ಖಾಲಿ ಇದ್ರೆ ತಗೊಳ್ತೀನಿ. ಇಲ್ದಿದ್ರೆ ಇಲ್ಲ. ಗುರುವಾರದ ಮಾತು ಆಮೇಲೆ."

ಆ ಬೆಳಗು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಒಂದೊಂದು ಮಗು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಕೆಂಜೆಗುಲ್ ಕಾರಿಡಾರಿನ ಉದ್ದವನ್ನು ಎಷ್ಟು ಸಲ ಅಳೆದಳೋ. ಒಂದು ಮಗುವಿನದು ತಡವಾದರೆ ಅದರ ಮೇಲೇ ಕೋಪ ಬರುತ್ತಿತ್ತು, ಮರುಕ್ಷಣ ಅಯ್ಯೋ ಪಾಪ ಅನ್ನಿಸುತ್ತಿತ್ತು. ಜಿಪಾರ್ ಹಸಿವೆಂದು ಅತ್ತಳು. ಕೆಂಜೆಗುಲ್ ಅವಳನ್ನು ಹೊತ್ತು ತಿರುಗಿಸಿದಳು, ಕಿಟಕಿಯಲ್ಲಿ ಪಾರಿವಾಳ ತೋರಿಸಿದಳು, ಕಾರ್ಖಾನೆಯಲ್ಲಿ ಸೂಜಿ ಮುರಿದಾಗ ಮೇಸ್ತ್ರಿ ಹೇಗೆ ಬೈಯುತ್ತಾನೆಂದು ಮಾಡಿ ತೋರಿಸಿದಳು. ಹುಡುಗಿ ನಕ್ಕು, ಮತ್ತೆ ನೆನಪಾಗಿ ಅತ್ತಳು.

"ಅಮ್ಮ ಆಗಿದ್ರೆ ಕೊಡ್ತಿದ್ಲು," ಎಂದಳು.

"ಕೊಡ್ತಿದ್ರು," ಎಂದು ಕೆಂಜೆಗುಲ್ ಒಪ್ಪಿಕೊಂಡಳು. ಅವಳಿಗೂ ಅಳು ಬಂದಿತ್ತು.

ಬಾತ್ಮಾ ಬೆಂಚು ಬಿಟ್ಟು ಅಲ್ಲಾಡಲಿಲ್ಲ. ಸೊಸೆ ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದಳು. ಮನೆಯ ಹಿರಿಯಳನ್ನು ಹತ್ತು ಜನರೆದುರು ಸುಳ್ಳುಗಾತಿ ಮಾಡಿದ್ದು ಸಣ್ಣ ಮಾತಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಮಧ್ಯಾಹ್ನ ಬಾಗಿಲು ತೆರೆದಾಗ ರಾಯ್ಸಾ ಒಸ್ಮೊನೊವ್ನಾ ಹೆಸರನ್ನೂ ಕೂಗಲಿಲ್ಲ, ಬೆರಳಲ್ಲಿ ಕರೆದರು. ಜಿಪಾರಳಿಗೆ ಆಗ ಅಳಲೂ ಶಕ್ತಿಯಿರಲಿಲ್ಲ, ತಳ್ಳುಗಾಡಿಯಲ್ಲಿ ಮಲಗಿ ಕಣ್ಣು ಮಿಟುಕಿಸುತ್ತ ಒಳಗೆ ಹೋದಳು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು.

ಕೆಂಜೆಗುಲ್ ಈಗಲೂ ಕೂರಲಿಲ್ಲ. ಒಂದು ಸಲ ಬೆಂಚಿನ ಮುಂದೆ ಹಾದಾಗ ಬಾತ್ಮಾ ಅವಳ ಲಂಗದ ಅಂಚು ಹಿಡಿದಳು.

"ನಿಲ್ಲು. ತಲೆ ತಿರುಗುತ್ತೆ ನಿನ್ನ ನೋಡಿ." ಮಡಿಲಿನ ಗಂಟನ್ನು ಎತ್ತಿ ಚಾಚಿದಳು. "ಹಿಡ್ಕೋ ಇದನ್ನ."

"ನೀವೇ ಇಟ್ಕೊಳ್ಳಿ ಅತ್ತೆ."

"ಹಿಡ್ಕೋ ಅಂದ್ನಲ್ಲ. ನನ್ನ ಕೈಲಿದ್ರೆ ಅವಳು ಅತ್ಲು ಅಂತ ನಾನು ಮತ್ತೆ ಕೊಟ್ಬಿಡ್ತೀನಿ. ನನ್ನ ಕೈ ನಂಗೊತ್ತು."

ಬಟ್ಟೆ ಮುದುಕಿಯ ಎದೆಯ ಬಿಸಿಯಲ್ಲಿ ಇನ್ನೂ ಬೆಚ್ಚಗಿತ್ತು. ಕೆಂಜೆಗುಲ್ ಅದನ್ನು ಹಿಡಿದುಕೊಂಡು, ಅಂದು ಮೊದಲ ಸಲ ಎದ್ದು ಓಡಾಡದೆ, ದೀಪ ಆರುವವರೆಗೂ ಕೂತಳು.

ಹೊರಗೆ ಬಂದ ರಾಯ್ಸಾ ಟೋಪಿ ತೆಗೆದು ತಲೆ ಕೆರೆದುಕೊಂಡರು. "ಚೆನ್ನಾಗಿ ಆಯ್ತು. ತೂತು ಮುಚ್ಚೋವಂಥದ್ದೇ. ಗುರುವಾರ ಇವಳೇ ಮೊದಲು." ಎರಡು ಹೆಜ್ಜೆ ಹೋಗಿ ತಿರುಗಿದರು. "ಬುಧವಾರ ರಾತ್ರಿ ಆ ರೊಟ್ಟಿ ಎಲ್ಲಿರುತ್ತೆ ಅಂತ ನಂಗೆ ಹೇಳಿ ಮಲಗ್ಬೇಕು."

ಸಂಜೆಯ ಹೊತ್ತಿಗೆ ಜಿಪಾರಳಿಗೆ ಪೂರ್ತಿ ಎಚ್ಚರವಾಯಿತು. ತಿನ್ನಬಹುದು ಎಂದು ನರ್ಸಮ್ಮ ಗಂಜಿ ತಂದಿಟ್ಟಳು. ಹುಡುಗಿ ಬಟ್ಟಲನ್ನು ದೂರ ತಳ್ಳಿದಳು.

"ಗಂಜಿ ಬೇಡ. ನನ್ನ ರೊಟ್ಟಿ ಕೊಡು. ನಾನು ಹೋಗಿ ಬಂದೆನಲ್ಲ."

"ಇವತ್ತು ಹೋಗಿದ್ದು ಬರೀ ತೋರಿಸೋಕೆ," ಎಂದಳು ಕೆಂಜೆಗುಲ್. "ಗುರುವಾರ ಹೋಗಿ ಬಾ. ಆಮೇಲೆ ಪೂರ್ತಿ ನಿಂದೇ."

"ಒಂದೇ ಒಂದು ಚೂರು."

"ಇಲ್ಲ."

"ನೀನು ಕೆಟ್ಟೋಳು," ಎಂದು ಹುಡುಗಿ ಮುಖ ಊದಿಸಿಕೊಂಡು ಮಂಚದ ಆಚೆ ಬದಿಗೆ ಹೊರಳಿದಳು. ಅಲ್ಲಿ ಬಾತ್ಮಾ ಕೂತಿದ್ದಳು. "ಅಮ್ಮಾ, ನೀನು ಹೇಳು ಅವಳಿಗೆ. ನೀನು ಕೊಡಿಸು."

ಬಾತ್ಮಾ ಹುಡುಗಿಯ ಕೂದಲನ್ನು ಹಣೆಯಿಂದ ಹಿಂದಕ್ಕೆ ಸವರಿದಳು. ಸವರಿದ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

"ನನ್ನ ಕೇಳ್ಬೇಡ ಕಂದಾ," ಎಂದಳು. "ನಿಮ್ಮಮ್ಮನ್ನ ಕೇಳು."

ಜಿಪಾರ್ ತಲೆಯೆತ್ತಿ ಬಾಗಿಲ ಕಡೆ ನೋಡಿದಳು, ಇನ್ನು ಯಾರೋ ಬರಬೇಕಾದವರಿದ್ದಾರೇನೋ ಎಂಬಂತೆ. ಯಾರೂ ಬರಲಿಲ್ಲ. ಆಮೇಲೆ ರೊಟ್ಟಿ ಯಾರ ಕೈಯಲ್ಲಿದೆ ಎಂದು ನೋಡಿದಳು.