ಬೇಕರಿಯವನ ಟ್ಯಾಂಕಿನ ನೆಗ್ಗು

ಸುತ್ತಿಗೆ ಬಿದ್ದದ್ದು ಒಂದೇ ಸಲ. ಮೇಸ್ತ್ರಿಯ ಎದೆ ಮಾತ್ರ ಆಮೇಲೂ ಡವಡವ ಹೊಡೆದುಕೊಳ್ಳುತ್ತಲೇ ಇತ್ತು. ನಲವತ್ತು ವರ್ಷ ಊರವರ ಗಾಡಿಗಳ ನೆಗ್ಗು ತೆಗೆದ ಮನುಷ್ಯ, ತನ್ನದೇ ಅಂಗಡಿಯಲ್ಲಿ, ಕೈಯಾರೆ, ಗಿರಾಕಿಯ ಪೆಟ್ರೋಲ್ ಟ್ಯಾಂಕಿಗೆ ನೆಗ್ಗು ಹಾಕಿಬಿಟ್ಟಿದ್ದ. ಸುತ್ತಿಗೆಯನ್ನು ಮೇಲಿನ ಹಲಗೆಯಲ್ಲಿ ಇಡಬೇಡ ಎಂದು ಸೊಸೆಗೆ ದಿನಕ್ಕೆ ಹತ್ತು ಸಲ ಹೇಳುವವನೂ ಇವನೇ, ನಿನ್ನೆ ಸಂಜೆ ಅಲ್ಲೇ ಇಟ್ಟು ಹೋದವನೂ ಇವನೇ, ಈಗ ಕೈ ತಗುಲಿಸಿ ಬೀಳಿಸಿದವನೂ ಇವನೇ. ಇನ್ನು ಯಾರನ್ನು ಬೈಯುವುದು, ಹೇಳಿ.

ಟ್ಯಾಂಕು ಬೇಕರಿಯವನದು. ಟ್ಯಾಂಕಿನ ತಳದ ನಲ್ಲಿ ಒಸರುತ್ತದೆ, ವಾಷರ್ ಬದಲಿಸಿಕೊಡಿ ಎಂದು ಬೈಕಿನಿಂದ ಬಿಚ್ಚಿ, ಪೆಟ್ರೋಲ್ ಖಾಲಿ ಮಾಡಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಮೊನ್ನೆ ತಂದುಕೊಟ್ಟಿದ್ದ. ಮೂವತ್ತೆಂಟು ವರ್ಷದ ಬೈಕು. ಕಡುಗೆಂಪು ಬಣ್ಣ, ಕಾರ್ಖಾನೆಯಲ್ಲಿ ಬಳಿದದ್ದೇ ಕೊನೆ, ಆಮೇಲೆ ಒಂದು ಹನಿ ಬಿದ್ದಿಲ್ಲ. ಇವತ್ತು ಮಧ್ಯಾಹ್ನ ಹಳೆಯ ಗಾಡಿಗಳ ಮೆರವಣಿಗೆ. ಮರುಬಣ್ಣ ಕಾಣದ ಗಾಡಿಗಳಿಗೆ ಮಾತ್ರ ಮುಂದಿನ ಸಾಲು. ವಾಷರ್ ನಿನ್ನೆಯೇ ಬದಲಿಸಿಯಾಗಿತ್ತು. ಹನ್ನೊಂದಕ್ಕೆ ಬರುತ್ತೇನೆ ಎಂದಿದ್ದ. ಈಗ ಗಂಟೆ ಒಂಬತ್ತೂವರೆ.

ಅರ್ಧ ನಿಂಬೆಹಣ್ಣು ಕೂರುವಷ್ಟು ನೆಗ್ಗು. ಮೇಸ್ತ್ರಿಯದು ಒಳಗಿನಿಂದ ತಟ್ಟಿ ಎಬ್ಬಿಸುವ ವಿದ್ಯೆ. ಟ್ಯಾಂಕಿನ ಬಾಯಿಂದ ಕಂಬಿ ತೂರಿಸಿ ನೋಡಿದ, ಹೇಗೆ ತಿರುಗಿಸಿದರೂ ಅದು ನೆಗ್ಗಿನವರೆಗೆ ಹೋಗಲೊಲ್ಲದು. ತಳ ಕೊಯ್ದು, ತಟ್ಟಿ, ಬೆಸುಗೆ ಹಾಕಬಹುದಿತ್ತು. ಹಾಕಿದರೆ ಬಿಸಿಗೆ ಬಣ್ಣವೆಲ್ಲ ಗುಳ್ಳೆ ಏಳುತ್ತದೆ. ಮುಂದಿನ ಸಾಲಿನ ಕಥೆ ಅಲ್ಲಿಗೆ ಮುಗಿಯಿತು.

ಇನ್ನೊಂದು ದಾರಿ ಸೊಸೆಯದು. ನೆಗ್ಗಿದ ಕಡೆ ಬಿಸಿ ಗೋಂದಿನಿಂದ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿ, ಹೊರಗಿನಿಂದಲೇ ಎಳೆದು ಎಬ್ಬಿಸುವುದು. ಮೂರು ವರ್ಷದಿಂದ ಕಾರಿನ ಬಾಗಿಲುಗಳನ್ನೆಲ್ಲ ಅವಳು ಹೀಗೇ ಸರಿಮಾಡುತ್ತಿದ್ದಳು. ಲಕೋಟೆ ಅಂಟಿಸುವ ಕೆಲಸ ಎಂದು ಮೇಸ್ತ್ರಿ ಆಡಿಕೊಳ್ಳುತ್ತಿದ್ದ. ಆಡಿಕೊಂಡರೇನು, ಗಿರಾಕಿ ಬಂದಾಗ ಆ ಬಾಗಿಲನ್ನು ತಾನೇ ಒರೆಸಿ, ನಾನೇ ಕೂತು ತೆಗೆದೆ ಎಂದು ಒಪ್ಪಿಸುತ್ತಿದ್ದ. ಕೆಲಸ ಯಾರದೇ ಆಗಲಿ, ಹೆಸರು ಮೇಸ್ತ್ರಿಯದು. ಅಂಗಡಿಯ ವಾಡಿಕೆಯೇ ಹಾಗೆ. ಸೊಸೆ ತುಟಿಪಿಟಕ್ಕೆಂದವಳಲ್ಲ. ಅದು ಸರಿಯೋ ತಪ್ಪೋ ಎಂದು ಮೇಸ್ತ್ರಿಯೂ ಯೋಚಿಸಿದವನಲ್ಲ.

ಸದ್ದು ಕೇಳಿ ಅವಳು ಒಳಗಿನಿಂದ ಬಂದಳು. ಟ್ಯಾಂಕು ನೋಡಿದಳು, ನೆಲದ ಮೇಲಿನ ಸುತ್ತಿಗೆ ನೋಡಿದಳು, ಮಾವನ ಮುಖ ನೋಡಿದಳು. ಮೇಸ್ತ್ರಿ ಕೆಮ್ಮಿದ, ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ.

"ನಿನ್ನ ಗೋಂದು ಇದಕ್ಕೆ ಆಗುತ್ತೇನಮ್ಮಾ?"

ಆಗಬಹುದು, ಆದರೆ ಹಳೆಯ ಬಣ್ಣ ಗೋಂದಿನ ಜೊತೆಗೇ ಕಿತ್ತು ಬಂದರೆ ತನ್ನನ್ನು ಕೇಳಬಾರದು ಎಂದು ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹೇಳುವಾಗ ಕಣ್ಣು ಫಳಫಳ ಹೊಳೆಯುತ್ತಿತ್ತು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಆಗಲೇ ಕೆಲಸಕ್ಕೆ ನಿಂತಿದ್ದಳು.

ಟ್ಯಾಂಕಿನ ಬಾಯಿಗೆ ಮೂಗಿಟ್ಟು, ಪೆಟ್ರೋಲಿನ ವಾಸನೆ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮುಚ್ಚಳ ಬಿಗಿದಳು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆ ಹೊದಿಸಿ ತಗಡನ್ನು ಬೆಚ್ಚಗೆ ಮಾಡಿದಳು. ಕಪ್ಪು ಪಟ್ಟೆ ಬಳಿದ ಹಲಗೆಯೊಂದನ್ನು ಎದುರಿಗೆ ನಿಲ್ಲಿಸಿದಾಗ, ಹೊಳೆಯುವ ಬಣ್ಣದಲ್ಲಿ ಪಟ್ಟೆಗಳು ಕಂಡವು. ನೆಗ್ಗಿನ ಮೇಲೆ ಮಾತ್ರ ಸೊಟ್ಟಪಟ್ಟ. ಅಲ್ಲೂ ನೆಟ್ಟಗಾದರೆ ಗೆದ್ದ ಹಾಗೆ.

ಮೇಸ್ತ್ರಿ ನಿಂತಲ್ಲಿ ನಿಲ್ಲಲಾರ. ಗಡಿಯಾರ ನೋಡುತ್ತಾನೆ, ಬೀದಿ ನೋಡುತ್ತಾನೆ. ನಟ್ಟನಡುವೆ ಅಂಟಿಸಿ ಒಂದೇ ಸಲ ಎಳೆದುಬಿಡು ಎಂದು ಅವಸರ ಮಾಡಿದ.

"ಅಂಚಿಂದ ಶುರು ಮಾಡು, ನಡುವಿಗೆ ಕೊನೇಲಿ ಕೈ ಹಾಕು ಅಂತ ಹೇಳ್ಕೊಟ್ಟಿದ್ದು ನೀವೇ ಅಲ್ವಾ ಮಾವ?"

ಹೌದಲ್ಲ. ನಡುವನ್ನೇ ಮೊದಲು ಎಳೆದರೆ ತಗಡು ಬುಗುಟೆದ್ದು ನಿಲ್ಲುತ್ತದೆ, ಆಮೇಲೆ ಬ್ರಹ್ಮ ಬಂದರೂ ಕೂರುವುದಿಲ್ಲ. ಗಾಬರಿಯಲ್ಲಿ ತನ್ನ ಪಾಠ ತನಗೇ ಮರೆತಿತ್ತು. ಮೇಸ್ತ್ರಿ ಸ್ಟೂಲು ಎಳೆದುಕೊಂಡು ಕೂತ.

ಮೊದಲ ಬಿಲ್ಲೆ ಟಪ್ಪೆಂದು ಎದ್ದು ಬಂತು. ಇಬ್ಬರೂ ತಲೆಗೆ ತಲೆ ತಾಗಿಸಿ ಅದರ ಹಿಂಬದಿ ನೋಡಿದರು. ಕೆಂಪು ಇರಲಿಲ್ಲ. ಬಣ್ಣ ಗಟ್ಟಿ ಕೂತಿತ್ತು. ಇನ್ನೊಂದು ಅಂಟಿಸಿದಳು, ಎಳೆದಳು, ಪಕ್ಕದಲ್ಲಿ ಮತ್ತೊಂದು. ಪಟ್ಟೆಗಳು ಒಂದೊಂದಾಗಿ ಸೊಟ್ಟ ಬಿಡತೊಡಗಿದವು. ಒಂದು ಕಡೆ ತಗಡು ಕೂದಲೆಳೆಯಷ್ಟು ಹೆಚ್ಚಿಗೆ ಎದ್ದಿತು. ಅವಳು ಮರದ ಗೂಟವನ್ನು ಮಾವನ ಕೈಗೆ ಕೊಟ್ಟು, ಇದು ನಿಮ್ಮದು ಎಂದಳು. ಅವನು ಮೆಲ್ಲಗೆ ಎರಡು ತಟ್ಟು ತಟ್ಟಿ ಕೂರಿಸಿದ. ಖುಷಿಗೆ ಕಿವಿಯೆಲ್ಲ ಬಿಸಿಯಾಯಿತು.

ಕೊನೆಗೆ ನಡುವಿನ ಎಳೆತ. ಹತ್ತೂ ಮುಕ್ಕಾಲು. ಟಪ್.

"ಬಂತು, ಬಂತು ಕಣಮ್ಮಾ!" ಮೇಸ್ತ್ರಿ ಕೂತಿದ್ದ ಸ್ಟೂಲು ಹಿಂದಕ್ಕೆ ಉರುಳಿತು. ಹಲಗೆಯ ಪಟ್ಟೆಗಳು ಟ್ಯಾಂಕಿನ ಮೇಲೆ ಈ ತುದಿಯಿಂದ ಆ ತುದಿಗೆ ನೆಟ್ಟಗೆ ನಿಂತಿದ್ದವು. ಸೊಸೆ ಗೋಂದಿನ ಕಲೆ ಒರೆಸಿ, ಬಿಲ್ಲೆಗಳನ್ನು ಡಬ್ಬಿಗೆ ತುಂಬಿಕೊಂಡು, ಎಂದಿನಂತೆ ಒಳಗೆ ಹೋದಳು.

ಅಷ್ಟರಲ್ಲಿ ಬೇಕರಿಯವನು ಬಂದೇಬಿಟ್ಟ. ನಲ್ಲಿ ತಿರುಗಿಸಿ ನೋಡಿದ, ಟ್ಯಾಂಕು ಸವರಿದ, ಮುಖವೆಲ್ಲ ನಗು. ಮೇಸ್ತ್ರಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಲವತ್ತು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು. ಬೀಳಿಸಿದ್ದನ್ನು ಹೇಳಿದರೆ ಎಬ್ಬಿಸಿದ್ದು ಯಾರು ಎಂದೂ ಹೇಳಬೇಕು. ಸುಮ್ಮನಿದ್ದರೂ ಇನ್ನೊಂದು ಸಲ 'ನಾನೇ ತೆಗೆದೆ' ಅಂದ ಹಾಗೆಯೇ, ಅದಕ್ಕೆ ಅವನಿಗೆ ಮನಸ್ಸು ಬರಲಿಲ್ಲ. ಮೂರು ವರ್ಷ ಎಷ್ಟು ಸಲ ಅಂದಿದ್ದೆನಲ್ಲ ಎಂದು ನಾಚಿಕೆಯಾಯಿತು.

"ಬೆಳಿಗ್ಗೆ ಇದರ ಮೇಲೆ ಸುತ್ತಿಗೆ ಬೀಳಿಸಿಬಿಟ್ಟಿದ್ದೆ. ನೆಗ್ಗಿತ್ತು," ಅಂದ.

ಬೇಕರಿಯವನ ಮುಖ ಬಿಳಿಚಿಕೊಂಡಿತು. ಟ್ಯಾಂಕಿಗೆ ಕೆನ್ನೆ ತಾಗಿಸಿ ನೋಡಿದ, ಅಂಗೈಯಲ್ಲಿ ಮೂರು ಸಲ ಸವರಿದ. ಎಲ್ಲಿ ಎಂದು ಕೇಳಿದ. ಇಲ್ಲಿ ಎಂದು ಮೇಸ್ತ್ರಿ ಬೆರಳಿಟ್ಟ. ಅಲ್ಲ, ಇಲ್ಲಿ. ಎಡಕ್ಕೆ ಬಗ್ಗಿದ, ಬಲಕ್ಕೆ ಬಗ್ಗಿದ, ಬೆಳಕಿಗೆ ತಿರುಗಿಸಿದ. ಊಹೂಂ, ಜಾಗ ಮೇಸ್ತ್ರಿಗೇ ಸಿಗಲಿಲ್ಲ. ನಗು ಉಕ್ಕಿ ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು.

"ಏನು ಕೈ ರೀ ನಿಮ್ದು, ಮೇಸ್ತ್ರಿ," ಎಂದ ಬೇಕರಿಯವನು.

"ಮೇಸ್ತ್ರಿ ಒಳಗಿದಾಳೆ. ಇರಿ, ಕರೀತೀನಿ," ಎಂದು ಅವನು ಒಳಬಾಗಿಲ ಕಡೆ ತಿರುಗಿ ಸೊಸೆಯನ್ನು ಕೂಗಿದ.